ಹೆಸರು ಹೊತ್ತ ಸೈಕಲ್ಲು

ನಮ್ಮಲ್ಲಿ ಮಗುವಿಗೆ ಹೆಸರಿಡುವುದು ಹೆತ್ತವರಲ್ಲ, ಕೂಮಾ. ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಳ್ಳುವ ಧರ್ಮತಾಯಿ ಅವಳು. ಚರ್ಚಿನಲ್ಲಿ ಅವಳು ಬಾಯಿ ಬಿಡುವವರೆಗೆ ಹೆಸರು ಯಾರಿಗೂ ಗೊತ್ತಾಗಕೂಡದು. ಹೆತ್ತವಳು ಮನೆಯಲ್ಲೇ ಕಾಯುತ್ತಾಳೆ, ಯಾರಾದರೂ ಓಡಿಹೋಗಿ ಅವಳಿಗೆ ತಿಳಿಸಬೇಕು.

ಈ ಸಲದ ಕೂಮಾ ನಾನು, ದ್ರಾಗಿನ್ಯಾ. ಮಗು ನನ್ನ ಗೆಳತಿ ಲೆಪೊಸಾವಳ ಮೊಮ್ಮಗಳು. ಬೇಸಿಗೆ ಬಂತೆಂದರೆ ನಾವಿಬ್ಬರೂ ಬಾನಾತ್ ಬಯಲನ್ನೆಲ್ಲ ಸೈಕಲ್ಲಿನಲ್ಲಿ ಸುತ್ತುತ್ತಿದ್ದೆವು. ಮೊಮ್ಮಗು ಹುಟ್ಟಿದರೆ ನಮ್ಮೂರು ಕಿಕಿಂಡಾದಿಂದ ಅವಳ ಮಗನಿರುವ ವರ್ಶಾತ್ಸ್‌ಗೆ ಒಂದೇ ದಿನದಲ್ಲಿ ತುಳಿದುಕೊಂಡು ಹೋಗುವುದೆಂದು ಮಾತಾಗಿತ್ತು. ಮೂರು ವರ್ಷದ ಹಿಂದೆ ಅವಳು ತೀರಿಕೊಂಡಳು. ಸೈಕಲ್ಲು ನನಗೆ ಬಂತು. ಮಾತು ಮಾತೇ, ಹಾಗಾಗಿ ಅವಳ ಸೈಕಲ್ಲನ್ನೇ ಹತ್ತಿದೆ.

ಹೊರಟಾಗ ಇನ್ನೂ ಕತ್ತಲೆ, ಮೇಲೆ ಮಂಜು ಬೇರೆ. ಮಂಜು ಕರಗುತ್ತಿದ್ದಂತೆ ಎದುರಿನಿಂದ ಕೋಶಾವಾ ಎದ್ದಿತು. ನಮ್ಮ ಈ ಗಾಳಿಗೆ ನಾಚಿಕೆ ಮಾನ ಯಾವುದೂ ಇಲ್ಲ. ಬಯಲಿನಲ್ಲಿ ಏರು ಇಲ್ಲ, ಆರಾಮ ಅನ್ನುವವರನ್ನು ಇದರೆದುರು ಒಂದು ದಿನ ತುಳಿಯಲು ಬಿಡಬೇಕು. ತುಳಿದರಷ್ಟೇ ಮುಂದೆ, ಬಿಟ್ಟರೆ ನಿಂತಲ್ಲೇ. ನಾನು ಅವಳ ಹೆಸರನ್ನೇ ಹೇಳಿಕೊಳ್ಳುತ್ತಾ ತುಳಿದೆ. ಮಗುವಿಗೂ ಅದೇ ಹೆಸರೆಂದು ಎಂದೋ ನಿಶ್ಚಯಿಸಿಬಿಟ್ಟಿದ್ದೆ.

ಕಾಲುವೆಯ ಏರಿಯ ಮೇಲೆ ಕೂತು, ಕೊಬ್ಬು ಸವರಿ ಮೆಣಸಿನಪುಡಿ ಉದುರಿಸಿದ ಬ್ರೆಡ್ಡು ತಿನ್ನುತ್ತಿದ್ದಾಗ ಫೋನು ಬಂತು. ಮಗುವಿನ ಅಪ್ಪ, ಲೆಪೊಸಾವಳ ಮಗ ನೆದೆಲ್ಕೊ.

"ಎಲ್ಲಿದ್ದೀರಿ, ಕೂಮಾ? ಪಾದ್ರಿಗಳು ನಾಲ್ಕು ಗಂಟೆಗೆ ಪಕ್ಕದೂರಿಗೆ ಹೋಗ್ಬೇಕಂತೆ."

"ಬರ್ತಿದೀನಿ ಕಣೋ."

"ಗಾಳಿ ನೋಡಿದ್ರಾ? ಹೆಸರು ಫೋನಲ್ಲೇ ಹೇಳ್ಬಿಡಿ. ನಿಮ್ಮ ಬದಲು ನನ್ನ ನಾದಿನಿ ನಿಂತ್ಕೋತಾಳೆ."

"ಹೆಸರು ನನ್ನ ಬಾಯಲ್ಲಿದೆ, ನಿನ್ನ ಫೋನಲ್ಲಿಲ್ಲ."

"ಯಾವುದಾದ್ರೂ ಇಡಿ. ಅಮ್ಮನ ಹೆಸರು ಮಾತ್ರ ಬೇಡ. ದಿನಾ ಕೂಗೋಕೆ ನನ್ನ ಕೈಲಾಗಲ್ಲ."

ಉಳಿದ ಬ್ರೆಡ್ಡನ್ನು ಚೀಲಕ್ಕೆ ತುರುಕಿದೆ. ಅವಳು ಹೋದ ಮೇಲೆ ಆ ಮನೆಯಲ್ಲಿ ಯಾರೂ ಆ ಹೆಸರೆತ್ತಿಲ್ಲ, ಅದು ನನಗೆ ಗೊತ್ತು. ಅದಕ್ಕೇ ನನಗೆ ಸಿಟ್ಟು.

ಮಧ್ಯಾಹ್ನ ಆಲಿಕಲ್ಲು ಬಿತ್ತು, ಹಿಂದೆಯೇ ಜಡಿಮಳೆ. ಹತ್ತಿರದ ದಾರಿಯೆಂದು ಹೊಲದ ನಡುವೆ ನುಗ್ಗಿದ್ದು ನನ್ನದೇ ಪೆದ್ದತನ. ಬಾನಾತಿನ ಕಪ್ಪು ಮಣ್ಣು ಚಕ್ರಕ್ಕೆ ಕಣಕದ ಹಾಗೆ ಮೆತ್ತಿಕೊಂಡು ಸೈಕಲ್ಲು ಉರುಳದಾಯಿತು. ಹೆಗಲ ಮೇಲೆ ಹೊತ್ತು ನಡೆದೆ. ಒಂದು ಷೂ ಕೆಸರಿನಲ್ಲೇ ಉಳಿಯಿತು, ಕೈಹಾಕಿ ಕಿತ್ತುಕೊಂಡೆ. ಅಳು ಬಂತು, ಅತ್ತೆ. ಆದರೆ ಕಾಲು ನಿಲ್ಲಿಸಲಿಲ್ಲ.

ಡಾಂಬರು ರಸ್ತೆ ಸೇರಿದಾಗ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿದ.

"ಹತ್ತಿ ಅಜ್ಜಿ, ವರ್ಶಾತ್ಸ್‌ಗೆ ಬಿಡ್ತೀನಿ."

"ಅಜ್ಜಿ ನಿನ್ನ ಮನೇಲಿರ್ತಾಳೆ, ಹೋಗಿ ನೋಡ್ಕೋ. ಕಡ್ಡಿ ಇದ್ರೆ ಕೊಡು, ಚಕ್ರ ಕೆರೀಬೇಕು."

ನಗುತ್ತಾ ಸ್ಕ್ರೂಡ್ರೈವರ್ ಕೊಟ್ಟ. ಟ್ರೇಲರಿನ ಕಡೆ ನೋಡಲೇಬಾರದೆಂದು ಕೊಂಚವೂ ತಲೆಯೆತ್ತದೆ ಕೆರೆದೆ.

ಮೋಡ ಹರಿದು ಬಿಸಿಲು ಬಿದ್ದಾಗ ವರ್ಶಾತ್ಸ್ ಗುಡ್ಡ ಕಂಡಿತು. ಕಂಡಿದ್ದೇ ಬಂತು, ಎಷ್ಟು ತುಳಿದರೂ ಹತ್ತಿರವಾಗಲೊಲ್ಲದು. ಮಂಡಿ ಬೇಡ ಬೇಡ ಅನ್ನುತ್ತಿತ್ತು. ನಿನ್ನನ್ನು ಯಾರು ಕೇಳಿದರು ಎಂದು ಗದರಿಸಿದೆ.

ಚರ್ಚಿನ ಬಾಗಿಲಲ್ಲಿ ಇಳಿದಾಗ ನಾಲ್ಕು ಹೊಡೆದಾಗಿತ್ತು. ಪಾದ್ರಿಗಳು ಬಾಗಿಲಲ್ಲೇ ನಿಂತಿದ್ದರು. ನನ್ನ ಮೈಮೇಲಿನ ಕೆಸರು ನೋಡಿ, ಬೈಯಲೆಂದು ತೆರೆದ ಬಾಯಿ ಮುಚ್ಚಿ ಒಳಗೆ ನಡೆದರು. ನೆದೆಲ್ಕೊನ ನಾದಿನಿಯ ಕೈಯಿಂದ ಮಗುವನ್ನು ತೆಗೆದುಕೊಂಡೆ. ನೆದೆಲ್ಕೊ ಬೇಡವೆಂಬಂತೆ ನನ್ನನ್ನೇ ನೋಡುತ್ತಿದ್ದ. ನಾನು ಕಣ್ಣು ತಪ್ಪಿಸಿದೆ.

"ಹೆಸರು?" ಎಂದರು ಪಾದ್ರಿಗಳು.

"ಲೆಪೊಸಾವಾ."

ಅವನ ಮುಖ ಕಪ್ಪಿಟ್ಟಿತು. ಇನ್ನು ಅವನ ಮನೆಯ ಬಾಗಿಲು ನನಗೆ ಮುಚ್ಚಿತು ಅಂದುಕೊಂಡೆ. ದೀಕ್ಷಾಸ್ನಾನ ಮುಗಿಯುತ್ತಲೇ ನಾದಿನಿ, ತಾಯಿಗೆ ಹೆಸರು ತಿಳಿಸಲು ಬಾಗಿಲ ಕಡೆ ಓಡಿದಳು. ನೆದೆಲ್ಕೊ ಅವಳ ತೋಳು ಹಿಡಿದು ನಿಲ್ಲಿಸಿದ.

"ನೀನಿರು. ನಾನು ಹೋಗ್ತೀನಿ."

ಗೋಡೆಗೆ ಒರಗಿಸಿದ್ದ ಅಮ್ಮನ ಸೈಕಲ್ಲನ್ನು ಕೆಸರಿನ ಸಮೇತ ಹತ್ತಿದ. ಈಗ ಕೋಶಾವಾ ಅವನ ಬೆನ್ನ ಹಿಂದಿತ್ತು. ಬೀದಿಯ ತಿರುವು ದಾಟುವ ಮೊದಲೇ ಅವನು ಕೂಗಲು ಶುರುಮಾಡಿದ್ದ. ದನಿ ಒಡೆಯುತ್ತಿತ್ತು, ಆದರೂ ಮನೆ ತಲುಪುವವರೆಗೆ ಆ ಹೆಸರನ್ನು ಕೂಗುತ್ತಲೇ ಹೋದ.