ಎರವಲು ಟಗರು

ಆದೋನಿಯ ಆಫೀಸಿನಲ್ಲಿ ಮಹೇಶ್ವರಿಯ ಕಂಪ್ಯೂಟರಿನ ಪರದೆಯ ಮೇಲೆ ಗಿಡದ ಕೊಂಬೆಗಳಂತೆ ಕವಲೊಡೆದ ಎರಡು ಚಿತ್ರಗಳಿದ್ದವು. ಹಾಲಹರವಿಯ ಕುರಿಗಳಿಗೆ ಸಿಡುಬು ಬಂದಿತ್ತು. ಯಾವ ಹಟ್ಟಿಗಳನ್ನು ಒಂದು ಗುಂಪಿಗೆ ಸೇರಿಸಬೇಕು ಎಂದು ಲೆಕ್ಕ ಹಾಕಿ ತಿಳಿಸುವ ಕೆಲಸ ಅವಳದು. ರೋಗ ಹೊಕ್ಕ ಗುಂಪಿಗೆಲ್ಲ ಲಸಿಕೆ ಸಿಗುತ್ತಿತ್ತು. ಆದರೆ ಆ ಹಿಂಡುಗಳು ಊರು ಬಿಟ್ಟು ಕದಲುವಂತಿರಲಿಲ್ಲ.

ಮೊದಲನೆಯ ಚಿತ್ರದ ಲೆಕ್ಕ ಪಕ್ಕದ ಹಟ್ಟಿಗೆ ಅದರ ಪಕ್ಕದ ಹಟ್ಟಿಯನ್ನು ಕೊಂಡಿ ಹಾಕುತ್ತ ಹೋಗುತ್ತಿತ್ತು. ಹಾಗೆ ಹೋಗಿ ಹೋಗಿ ಪೆದ್ದಕಡುಬೂರಿನಲ್ಲಿದ್ದ ಅವಳ ಅಪ್ಪ ಬಜಾರಪ್ಪನ ಹಿಂಡನ್ನೂ ಎಳೆದುಕೊಂಡಿತ್ತು. ಎರಡನೆಯದು ಬಿಗಿ. ಗುಂಪಿನ ಎರಡು ತುದಿಯ ಹಟ್ಟಿಗಳೂ ಒಂದಕ್ಕೊಂದು ಹತ್ತಿರವಿದ್ದರೆ ಮಾತ್ರ ಸೇರಿಸುತ್ತಿತ್ತು. ಅದರಲ್ಲಿ ಅಪ್ಪನ ಕುರಿಗಳು ಹೊರಗೇ ಉಳಿದಿದ್ದವು. ಕಂಪ್ಯೂಟರಿಗೇನು, ಎರಡೂ ಸರಿಯೇ. ಆರಿಸುವ ಭಾರ ಮನುಷ್ಯರ ತಲೆಗೆ.

ಅಷ್ಟರಲ್ಲಿ ಅಪ್ಪನ ಫೋನು ಬಂತು.

"ಇಲ್ಲಿ ಹುಲ್ಲು ಮುಗದೈತವ್ವ. ಜಲ್ದಿ ಹೊಳಿ ದಂಡಿಗೆ ಹೊಡಕೊಂಡು ಹೋಗ್ಬೇಕು. ನಮ್ಮನ್ನ ಆ ಗುಂಪಿಗೆ ಹಾಕಬ್ಯಾಡ."

"ಹೊರಗಿಂದ ಟಗರು ಗಿಗರು ತಂದೀಯೇನಪ್ಪ?"

"ಇಲ್ಲವ್ವ."

ಅವರ ಕಡೆ ಒಂದು ಹಟ್ಟಿಯ ಟಗರನ್ನು ಇನ್ನೊಂದು ಹಟ್ಟಿಯವರು ಎರವಲು ತರುವುದುಂಟು. ತಂದದ್ದರ ಬಗ್ಗೆ ಮಾತ್ರ, ಕುರಿ ಈಯುವ ತನಕ ಯಾರೂ ಬಾಯಿ ಬಿಡುವುದಿಲ್ಲ. ದೃಷ್ಟಿಯಾಗಿ ಗಬ್ಬ ಕೆಡುತ್ತದೆಂಬ ಅಂಜಿಕೆ. ಯಾರೇ ಕೇಳಲಿ, ಇಲ್ಲ ಎನ್ನುವುದೇ ಪದ್ಧತಿ. ಆ ಹಟ್ಟಿಯಲ್ಲೇ ಹುಟ್ಟಿ ಬೆಳೆದವಳಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿತ್ತು. ಆದರೆ ಆ ಹೊತ್ತಿಗೆ ಅವಳಿಗೆ ಬೇಕಾಗಿದ್ದದ್ದೂ ಇಲ್ಲ ಎಂಬ ಮಾತೇ. ಬಿಗಿ ಗುಂಪಿನ ಚಿತ್ರವನ್ನೇ ಮೇಲಿನವರಿಗೆ ಕಳಿಸಿದಳು. ಲಸಿಕೆಯ ಗಾಡಿ ಪೆದ್ದಕಡುಬೂರಿಗೆ ಹೋಗಲಿಲ್ಲ.

ಹೊಳೆ ದಂಡೆ ಮುಟ್ಟುವ ಮೊದಲೇ ಕುರಿಗಳ ಮೂತಿ, ಕೆಚ್ಚಲಿನ ತುಂಬ ಗುಳ್ಳೆ ಎದ್ದವು. ಮಹೇಶ್ವರಿ ಓಡಿ ಬರುವಷ್ಟರಲ್ಲಿ ಅರ್ಧ ಹಿಂಡು ದಾರಿಬದಿಯ ಹೊಲದಲ್ಲಿ ಸತ್ತು ಬಿದ್ದಿತ್ತು. ಗಬ್ಬದ ಕುರಿಗಳೇ ಮೊದಲು ಹೋಗಿದ್ದವು.

"ಹಾಲಹರವಿಂದ ಹಟ್ಟಿ ಹಟ್ಟಿ ದಾಟಿ ಬಂದಿದ್ದ ಟಗರವ್ವ ಅದು," ಎಂದಳು ತಾಯಿ ಗಿಡ್ಡಮ್ಮ, ಗಂಡನ ಮುಖ ನೋಡದೆ. "ಇನ್ನ ಯಾಕ ಮುಚ್ಚಿಡಾಣ? ನಮ್ಮವಂತೂ ಹೋದ್ವು."

"ಈಗ ಎಲ್ಲೈತಿ ಅದು?" ಮಹೇಶ್ವರಿ ಅಪ್ಪನ ಕೈ ಹಿಡಿದಳು. "ಯಾರ ಹಟ್ಟ್ಯಾಗ ಬಿಟ್ಟೀ ಹೇಳಪ್ಪ. ಇವತ್ತೇ ಲಸಿಕಿ ಗಾಡಿ ಕರಸ್ತೀನಿ. ಅವರವಾದ್ರೂ ಉಳೀಲಿ."

ಬಜಾರಪ್ಪ ಸತ್ತ ಕುರಿಯೊಂದರ ಮೇಲೆ ತನ್ನ ಕಂಬಳಿ ಎಳೆದ. ಅವನ ಕಣ್ಣು ತುಂಬಿದ್ದವು.

"ಅವರ ಕುರಿ ಇನ್ನಾ ಈದಿಲ್ಲವ್ವ," ಎಂದ. "ಹೆಂಗ ಹೇಳ್ಲಿ?"