ಗೋಪುರದ ಕೆಳಗಿನ ಕಲ್ಲು

ಕಾರು ಘಾಟಿಯ ತಿರುವಿನಲ್ಲಿ ವಾಲುತ್ತಿರುವಾಗಲೇ ಕಾರು ಓಡಿಸುತ್ತಿದ್ದ ತನ್ನ ಗಂಡನ ಪಕ್ಕದ ಸೀಟಿನಿಂದ ನಾಝಿಯಾ ಹಿಂದೆ ತಿರುಗಿ ಫೋನನ್ನು ಜಮೀಲಮ್ಮನ ಮುಖದೆದುರು ಹಿಡಿದಳು.

"ನೋಡಿ ಜಮೀಲಕ್ಕ, ಹೋದ ಚಳಿಗಾಲದ್ದು. ಮೋನು ಕಾಕನೇ ತೆಗೆದದ್ದು. ಹಿಂದೆ ಕಾಣುದು ಆ ಹಳೇ ಗೋಪುರ."

ಫೋಟೊದಲ್ಲಿ ನಾಝಿಯಾ ಇದ್ದಳು, ಅವಳ ಮಕ್ಕಳಿದ್ದರು, ಕಲ್ಲಿನ ಗೋಪುರವಿತ್ತು. ತೆಗೆದವನು ಕಾಣುತ್ತಿರಲಿಲ್ಲ. ಜಮೀಲಮ್ಮ "ಹ್ಞೂಂ" ಎಂದು ಮುಖವನ್ನು ಕಿಟಕಿಗೆ ಹೊರಳಿಸಿದಳು.

ಗಂಡನ ಮಣ್ಣಿನ ದಿನ ಹೊಟ್ಟೆಕಿಚ್ಚು ಪಡಬಾರದೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೆ ಪಡುವವರಿಗೆ ನಾಚಿಕೆಯಾಗುತ್ತದೆ. ಜಮೀಲಮ್ಮನಿಗೆ ನಾಚಿಕೆಯೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಈ ಎರಡರ ನಡುವೆ ಅಳುವಿಗೆ ಜಾಗವೇ ಸಿಕ್ಕಿರಲಿಲ್ಲ.

ಜಮೀಲಮ್ಮನ ಗಂಡ ಮೋನು ಅರಬರ ನಾಡಿನ ಅಭಾ ಪಟ್ಟಣದಲ್ಲಿ ಯಹ್ಯಾ ಎಂಬ ಕಫೀಲನ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಧಣಿಯ, ಗಾಡಿ ಓಡಿಸುತ್ತಿದ್ದವನು. ಅಭಾದಿಂದ ಘಾಟಿ ಇಳಿದರೆ ಯಹ್ಯಾನ ಹಿರಿಯರ ಊರು: ಕಿಟಕಿಗೆ ಬಿಳಿ ಕಲ್ಲಿನ ಅಂಚು ಕಟ್ಟಿದ ಹಳೇ ಮನೆಗಳು, ಜೇನು ಪೆಟ್ಟಿಗೆಗಳು, ತಿಂಡಿಯ ಪೊಟ್ಟಣ ಕಸಿಯುವ ಕೋತಿಗಳು, ಎಲ್ಲಕ್ಕೂ ಮೇಲೆ ಒಂದು ಕಾವಲು ಗೋಪುರ. ಶುಕ್ರವಾರ ಜುಮಾ ನಮಾಜು ಮುಗಿಯಿತೆಂದರೆ ಮಂಗಳೂರು, ಉಡುಪಿ ಕಡೆಯ ಯಾವುದಾದರೊಂದು ಸಂಸಾರವನ್ನು ಮೋನು ಅಲ್ಲಿಗೆ ಕರೆದೊಯ್ಯುತ್ತಿದ್ದ. ಅರಬಿಯಲ್ಲಿ ಅದಕ್ಕೆ ಏನು ಹೆಸರೋ, ನಮ್ಮವರ ಬಾಯಲ್ಲಿ ಅದು 'ಮೋನು ಕಾಕನ ಊರು'. ಪಾಣೆಮಂಗಳೂರಿನಲ್ಲಿ ಅವನ ಮನೆ ಮಕ್ಕಳನ್ನು ನೋಡಿಕೊಂಡವಳಿಗೆ ಆ ಹೆಸರು ಕೇಳಿದರೆ ಮೈ ಉರಿಯದೆ ಇರುತ್ತದೆಯೇ?

ಅವಳು ವಿಸಿಟ್ ವಿಸಾದಲ್ಲಿ ಬಂದು ವಾರ ಕಳೆದಿತ್ತಷ್ಟೆ. ಗಾಡಿ ತೊಳೆಯುತ್ತಿದ್ದ ಮೋನು ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. "ಇವನು ನಮ್ಮ ಊರಿನವನೇ, ಮಣ್ಣು ಅಲ್ಲೇ ಆಗಲಿ" ಎಂದ ಯಹ್ಯಾ. ಬದುಕಿದ್ದಾಗಿನ ಶುಕ್ರವಾರಗಳನ್ನೆಲ್ಲ ತಿಂದ ಊರು ಈಗ ಅವನನ್ನೂ ತೆಗೆದುಕೊಂಡಿತು ಎಂದುಕೊಂಡಳು ಜಮೀಲಮ್ಮ.

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು, ಮನೆ ಬಿಡುವಂತಿಲ್ಲ. ಊರಿನ ಮಸೀದಿಯ ಉಸ್ತಾದರು ಫೋನಿನಲ್ಲಿ, "ಮುಖ ನೋಡ್ಲಿಕ್ಕೆ ಹೋಗಲಿ, ಸಂಜೆ ಮಗ್ರಿಬ್‌ಗೆ ಮೊದಲು ವಾಪಸ್ ಬರಲಿ" ಎಂದಿದ್ದರು. ಅಷ್ಟರೊಳಗೆ ಜಮೀಲಮ್ಮನಿಗೆ ಒಂದು ವಿಷಯ ಗೊತ್ತಾಗಬೇಕಿತ್ತು. ಎಲ್ಲರಿಗೂ ಎಲ್ಲವನ್ನೂ ತೋರಿಸಿದ ಈ ಮನುಷ್ಯ ಹೆಂಡತಿಗೆಂದು ಏನಾದರೂ ಉಳಿಸಿದ್ದನೋ ಇಲ್ಲವೋ?

ಪಕ್ಕದಲ್ಲಿದ್ದ ಬೆಲಿಂಡಾ ಅವಳ ಕೈ ಹಿಡಿದುಕೊಂಡಳು. ಉಡುಪಿ ಕಡೆಯವಳು, ಅಭಾದ ಆಸ್ಪತ್ರೆಯಲ್ಲಿ ನರ್ಸು.

"ನಮ್ಮನ್ನೆಲ್ಲ ಒಂದು ಸಲ ಕರ್ಕೊಂಡು ಬಂದಿದ್ರು. ಆ ದಿನ ಎಂತ ಮಂಜು ಅಂತೀರಿ! ನಾವು ವಾಪಸ್ ಹೋಗುವ ಅಂದ್ರೆ ಬಿಡ್ಲೇ ಇಲ್ಲ. ಮಂಜಲ್ಲಿ ಇನ್ನೂ ಚಂದ ಅಂದ್ರು."

ಜಮೀಲಮ್ಮ ಕೈ ಬಿಡಿಸಿಕೊಂಡು ತಲೆಯ ಶಾಲು ಸರಿಪಡಿಸಿದಳು. ಶಾಲು ಸರಿಯಾಗಿಯೇ ಇತ್ತು.

*

"ಈ ವಾರ ಬೇಡ, ಮಂಜು ಉಂಟು," ಎಂದಿದ್ದ ಮೋನು. ಅವಳು ಬಂದಿಳಿದ ಮರುದಿನ. "ಮಂಜಲ್ಲಿ ಎಂತ ಕಾಣ್ತದೆ? ಬರುವ ಶುಕ್ರವಾರ ಹೋಗುವ."

"ಊರಿಗೆಲ್ಲ ತೋರಿಸಿ ಆಯ್ತಲ್ಲ. ನಾನು ಕಡೆಯವಳು."

ಮೋನು ನಕ್ಕ. ಅಕ್ಕಿಯ ದೊಡ್ಡ ಚೀಲವನ್ನು ಹೆಗಲಿಗೇರಿಸಿ ಮೂರನೇ ಮಾಳಿಗೆಗೆ ಹೊರಟ. ಲಿಫ್ಟು ಕೆಟ್ಟಿತ್ತು. ಅವಳು ಎರಡನೆಯದರಲ್ಲೇ ಏದುಸಿರು ಬಿಡುತ್ತ ನಿಂತಳು.

"ಗೋಪುರಕ್ಕೆ ನನ್ನನ್ನೂ ಹೀಗೇ ಹೊತ್ಕೊಂಡು ಹೋಗ್ತೀರಾ?"

"ಬೇಕಾದ್ರೆ ಎರಡು ಸಲ," ಎಂದು ಮೇಲಿನಿಂದ ಕೂಗಿದ್ದ.

*

ಯಹ್ಯಾನ ತಾಯಿ ಆಸಿಯಾ ಊರಮನೆಯ ಬಾಗಿಲಲ್ಲೇ ಜಮೀಲಮ್ಮನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅರಬಿಯ ನಡುವೆ ಮೋನುವಿನ ಹೆಸರು ಮತ್ತೆ ಮತ್ತೆ ಕೇಳುತ್ತಿತ್ತು. ಹೆಂಡತಿಯ ಕಣ್ಣು ಒಣಗಿರುವಾಗ ಇವಳಿಗೆ ಇಷ್ಟು ಕಣ್ಣೀರು ಎಲ್ಲಿಂದ ಬಂತು? ಆಸಿಯಾ ಮುದುಕಿಯಾಗಿರದಿದ್ದರೆ ಜಮೀಲಮ್ಮ ಏನೇನು ಯೋಚಿಸುತ್ತಿದ್ದಳೋ.

ಒಳಕೋಣೆಯಲ್ಲಿ ಬಟ್ಟೆ ಸರಿಸಿ ಮುಖ ತೋರಿಸಿದರು. ಕರ್ಪೂರದ ವಾಸನೆ. ಅಕ್ಕಿ ಚೀಲ ಹೊತ್ತಾಗ ಇದ್ದ ಮುಖವೇ, ನಗು ಮಾತ್ರ ಇಲ್ಲ. "ಶುಕ್ರವಾರ ಅಂದಿದ್ದಿರಿ," ಎಂದಳು ಮೆಲ್ಲಗೆ. ಗಂಡಸರು ಬಂದು ಎತ್ತಿದರು. ಅಸರ್ ನಮಾಜಿನ ನಂತರ ಅವರು ಖಬರಸ್ಥಾನದ ಕಡೆ ನಡೆದರು, ಹೆಂಗಸರು ಅಂಗಳದಲ್ಲಿ ಉಳಿದರು.

ಅಂಗಳದಿಂದ ಗೋಪುರ ನೇರ ಕಾಣುತ್ತಿತ್ತು. ಸುಮ್ಮನಿರುವುದು ನಾಝಿಯಾಳ ಜಾಯಮಾನವಲ್ಲ.

"ಮೇಲೆ ನಿಂತ್ರೆ ಇಡೀ ಕಣಿವೆ ಕಾಣ್ತದೆ ಜಮೀಲಕ್ಕ. ಕಾಕ ಮೊದಲೇ ಹೇಳ್ತಿದ್ರು, ಎಡಗಡೆ ನೋಡಿ, ಗದ್ದೆ ಮೆಟ್ಟಿಲು ಮೆಟ್ಟಿಲು ಕಾಣ್ತದೆ ಅಂತ."

"ಹೇಳ್ತಿದ್ರಾ? ಜೊತೆಗೆ ನಿಂತು ತೋರಿಸ್ತಿದ್ರು ಅನ್ನು."

"ಇಲ್ಲಪ್ಪ, ಅವ್ರು ಹತ್ತುದೇ ಇಲ್ಲ. ಕೆಳಗೆ ಆ ಕಲ್ಲಿನಲ್ಲಿ ಕೂತು ಕಿತ್ತಳೆ ಸುಲೀತಿದ್ರು. ನಾವು ಇಳಿದು ಬರುವಾಗ ಎಲ್ಲರಿಗೂ ಒಂದೊಂದು. ಮೊಣಗಂಟು ನೋವಲ್ವಾ ಅವ್ರಿಗೆ?"

"ಯಾರಿಗೆ?"

"ಕಾಕನಿಗೆ."

"ನಾನೇ ಮುಲಾಮು ತಂದ್ಕೊಟ್ಟಿದ್ದೆ," ಎಂದಳು ಬೆಲಿಂಡಾ. "ಆಸ್ಪತ್ರೆಗೆ ಬನ್ನಿ, ತೋರಿಸುವ ಅಂದ್ರೆ ತಪ್ಪಿಸ್ಕೊಳ್ತಿದ್ರು."

ಜಮೀಲಮ್ಮ ಒಬ್ಬೊಬ್ಬರ ಮುಖ ನೋಡಿದಳು. ಮೂರು ಮಾಳಿಗೆ, ಅಕ್ಕಿ ಚೀಲ, ಬೇಕಾದರೆ ಎರಡು ಸಲ.

"ಆ ಅಮ್ಮನ ಹತ್ರ ಕೇಳು ನಾಝಿಯಾ. ಯಾವತ್ತೂ ಹತ್ತಲಿಲ್ವಾ?"

ನಾಝಿಯಾ ತನಗೆ ಬರುವ ಅರಬಿಯಲ್ಲಿ ಕೇಳಿದಳು. ಆಸಿಯಾ ಬೆರಳಾಡಿಸಿ ಇಲ್ಲವೆಂದಳು. ಮತ್ತೇನೋ ಉದ್ದಕ್ಕೆ ಹೇಳಿದಳು.

"ಎಷ್ಟು ಸಲ ಕರೆದ್ರೂ 'ಆಮೇಲೆ, ಆಮೇಲೆ' ಅಂತಿದ್ರಂತೆ. ಇವ್ರ ಮಕ್ಕಳೆಲ್ಲ ತಮಾಷೆ ಮಾಡ್ತಿದ್ರಂತೆ, ಮೋನುವಿಗೆ ಎತ್ತರ ಅಂದ್ರೆ ಹೆದರಿಕೆ ಅಂತ."

*

ಮದುವೆಯಾದ ಹೊಸತರಲ್ಲಿ ಮೋನು ಅವಳನ್ನು ಕಾಪುವಿನ ದೀಪಸ್ತಂಭಕ್ಕೆ ಕರೆದೊಯ್ದಿದ್ದ. ಮೆಟ್ಟಿಲಿನ ಅರ್ಧದಲ್ಲಿ ಅವಳು ಬಾಯಿ ತಪ್ಪಿ, "ಮೇಲೆ ತುಂಬ ಗಾಳಿ, ಹೋದ ವರ್ಷ ಅಕ್ಕನೊಟ್ಟಿಗೆ ಬಂದಾಗ ಶಾಲೇ ಹಾರಿಹೋಗ್ತಿತ್ತು," ಎಂದಳು. ಅಲ್ಲಿಂದ ಮೋನುವಿನ ಮುಖ ಕೆಟ್ಟಿತು. ಮೇಲೆ ಸಮುದ್ರ ನೋಡಲಿಲ್ಲ, ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ.

"ಎಂತ ಹೊಟ್ಟೆಕಿಚ್ಚು ನಿಮಗೆ! ಅದೂ ನನ್ನ ಅಕ್ಕನ ಮೇಲೆ!"

"ಹೌದು, ಹೊಟ್ಟೆಕಿಚ್ಚೇ," ಎಂದ. "ನಾನು ನಿಂಗೆ ಮೊದಲ ಸಲ ತೋರಿಸ್ತೇನೆ ಅಂದ್ಕೊಂಡಿದ್ದೆ. ಇನ್ನು ಹಾಗಿಲ್ಲ. ಒಳ್ಳೆ ಜಾಗ ಇದ್ರೆ ಇಬ್ರೂ ಒಟ್ಟಿಗೇ ಮೊದಲು ನೋಡುದು."

"ಆಯ್ತು ಮಾರಾಯ್ರೆ, ಒಟ್ಟಿಗೇ," ಎಂದು ನಕ್ಕಿದ್ದಳು.

ಆಮೇಲೆ ಅವಳು ಮಕ್ಕಳ ಜೊತೆ ಮೈಸೂರು ನೋಡಿದಳು, ಊಟಿ ನೋಡಿದಳು, ಅಜ್ಮೀರಿಗೂ ಹೋಗಿ ಬಂದಳು. ಆ ಮಾತು ಅವಳ ನೆನಪಿನಲ್ಲಿ ಉಳಿದಿರಲೇ ಇಲ್ಲ.

*

ಗಂಡಸರು ಕೈಕಾಲಿನ ಮಣ್ಣು ತೊಳೆದು ಬಂದರು. ನಾಝಿಯಾಳ ಗಂಡ ಇಮ್ತಿಯಾಜ್ ಕಾರಿನ ಬೀಗದಕೈ ಹಿಡಿದು ನಿಂತವನು ಗೋಪುರದ ಕಡೆ ನೋಡಿ ತಡೆದ.

"ಮಗ್ರಿಬ್‌ಗೆ ಇನ್ನೂ ಹೊತ್ತುಂಟು ಅಕ್ಕ. ಒಂದು ಸಲ ಮೇಲೆ ಹೋಗಿ ನೋಡಿ ಬನ್ನಿ. ಇದ್ದತ್ ಮುಗಿಯುವ ಮೊದಲೇ ನಿಮ್ಮ ವಿಸಾ ಮುಗೀತದೆ. ಮತ್ತೆ ಈ ಕಡೆ ಬರುವುದುಂಟಾ?"

"ಉಸ್ತಾದ್ರು ಎಂತ ಹೇಳ್ತಾರೋ," ಎಂದಳು ನಾಝಿಯಾ.

"ಅವರಿಗೆ ಇಲ್ಲಿಂದ ಕಾಣ್ತದಾ?" ಎಂದ ಅವನು.

ಬೆಲಿಂಡಾ ಎದ್ದಳು. "ಬನ್ನಿ, ನಾನು ಕೈ ಹಿಡೀತೇನೆ. ನಿಧಾನ ಹತ್ತುವ."

ಜಮೀಲಮ್ಮ ಎದ್ದು ಎಲ್ಲರಿಗಿಂತ ಮುಂದೆ ನಡೆದಳು. ಗೋಪುರದ ಬುಡದಲ್ಲಿ, ಬಾಗಿಲ ಪಕ್ಕ, ಆ ಕಲ್ಲು ಇತ್ತು. ಇಬ್ಬರು ಆರಾಮಾಗಿ ಕೂರುವಷ್ಟು ಅಗಲ. ಒಂದು ಬದಿ ಮಾತ್ರ ಕೂತು ಕೂತು ನುಣುಪಾಗಿತ್ತು. ಸಂದಿನಲ್ಲಿ ಒಣಗಿ ಕಪ್ಪಾದ ಕಿತ್ತಳೆ ಸಿಪ್ಪೆ. ಅವಳು ಬಗ್ಗಿ ಒಂದು ಚೂರು ಹೆಕ್ಕಿ ಮೂಗಿಗೆ ಹಿಡಿದಳು. ಎರಡು ದಿನದಿಂದ ಬಾರದ ಅಳು ಆಗ ಬಂತು. ಅತ್ತು, ಮುಖ ಒರೆಸಿಕೊಂಡು, ನುಣುಪಾದ ಬದಿಯಲ್ಲಿ ಕೂತಳು.

"ಇನ್ನು ಹತ್ತುವನಾ?" ಎಂದಳು ಬೆಲಿಂಡಾ.

"ನೀವು ಹೋಗಿ ಬನ್ನಿ."

"ನೀವು?"

"ನನಗೆ ಮೊಣಗಂಟು ನೋವು," ಎಂದಳು ಜಮೀಲಮ್ಮ.

ನಾಝಿಯಾ ಪಾಪ ಎಂದುಕೊಂಡು ಕಲ್ಲಿನ ಖಾಲಿ ಬದಿಗೆ ಬಂದಳು, ಅವಳ ಹೆಗಲಿಗೆ ಕೈಹಾಕಿ ಕೂರಲು. ಅಷ್ಟರಲ್ಲಿ ಜಮೀಲಮ್ಮ ಕರಿ ಶಾಲಿನ ಸೆರಗನ್ನು ಆ ಜಾಗದ ತುಂಬ ಹರಡಿ, ಗಾಳಿಗೆ ಹಾರದ ಹಾಗೆ ಅಂಗೈ ಒತ್ತಿ ಹಿಡಿದಳು.