ಹನ್ನೊಂದು ಚೀಟಿ

ಪರದೆಯ ಆಚೆ ಯಾರದೋ ಫೋನಿನಿಂದ ಅವಳದೇ ದನಿ ಬಂತು, ತುಸು ಕೀರಲು, ಮೂಗಿನಲ್ಲಿ ಸಿಕ್ಕಿಕೊಂಡಂಥದ್ದು, ಅಯ್ಯೋ ನಾನು ಮಾತಾಡೋದು ಹೀಗಾ ಎಂದು ಈ ಸಲವೂ ಮೊದಲು ನಾಚಿಕೆಯಾಗಿ, ಆಮೇಲೆ ಆ ದನಿ ಏನನ್ನು ಓದುತ್ತಿದೆ ಎಂದು ಹೊಳೆದು ಕೈ ಡ್ರೆಸ್ಸಿಂಗ್ ಟ್ರಾಲಿಯ ಹಿಡಿಯ ಮೇಲೇ ನಿಂತುಬಿಟ್ಟಿತು — ಒಂದು ಹೆಸರು, ಹಿಂದೆಯೇ ಐವತ್ತು ಅರವತ್ತು ಗಂಟಲು ಒಟ್ಟಿಗೆ, ಕರ್ತನೇ, ಕರುಣಿಸು, ಅಷ್ಟೇ, ಒಂಬತ್ತು ಸೆಕೆಂಡು, ಮತ್ತೆ ಮೊದಲಿನಿಂದ. ಯಾರೋ ಒತ್ತಿ ಒತ್ತಿ ಕೇಳುತ್ತಿದ್ದಾರೆ. ಆರನೇ ಹಾಸಿಗೆ. ಸುಟ್ಟಗಾಯದ ವಾರ್ಡಿನಲ್ಲಿ ಹನ್ನೆರಡು ಹಾಸಿಗೆ, ಹನ್ನೆರಡರ ಪಕ್ಕದಲ್ಲೂ ಒಂದೊಂದು ಫೋನು, ಕೇಳಲೇಬೇಕಿದ್ದರೆ ಬೇರೆ ಯಾವುದಾದರೂ ಹಾಸಿಗೆಯಲ್ಲಿ ಕೇಳಬಾರದಿತ್ತೇ, ಆರನೆಯದರಲ್ಲಿ ಇರುವುದು ಆ ಅಜ್ಜ, ಅವಳ ಚರ್ಚಿನ ಎದುರು ಬೀದಿಯಲ್ಲಿದ್ದ ಪ್ರಾರ್ಥನಾ ಮಂದಿರದ ಕಾವಲುಗಾರ, ಬೇರೆ ಧರ್ಮದವರ ಮಂದಿರ, ಮತ್ತು ಫೋನಿನಲ್ಲಿ ಅವಳು ಓದುತ್ತಿರುವ ಹೆಸರು ಆ ಮಂದಿರಕ್ಕೆ ಬೆಂಕಿ ಇಟ್ಟವನದು. ಬೆಳಿಗ್ಗೆ ಬಸ್ಸಿನಲ್ಲೂ ಇದೇ, ಪಕ್ಕದಲ್ಲಿ ಕೂತವಳು ಫೋನನ್ನು ಅವಳ ಮುಖಕ್ಕೇ ಹಿಡಿದು, ನೋಡಿ ಇವರನ್ನ, ಬೆಂಕಿ ಇಟ್ಟೋನಿಗೆ ಪ್ರಾರ್ಥನೆ ಮಾಡ್ತಾರಂತೆ, ಎಲ್ಲಾ ಒಂದೇ ಬುಟ್ಟಿ ಹಾವುಗಳು ಎಂದಿದ್ದಳು, ಇವಳು ಹೌದಾ ಎಂದಿದ್ದಳು. ಹೌದಾ! ಬಾಯಿಗೆ ಬಂದ ಮಾತು ಅದೊಂದೇ. ಕೊರಳಿನ ಸಣ್ಣ ಶಿಲುಬೆ ಅಂಗಿಯೊಳಗೆ ಯಾವಾಗ ಸೇರಿತೋ ಗೊತ್ತಾಗಲಿಲ್ಲ, ಕೈ ತಾನಾಗಿ ಮಾಡಿದ ಕೆಲಸ ಅದು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಇಳಿಯುವಾಗ ಮೈಯೆಲ್ಲ ಹೇಸಿಗೆ ಮೆತ್ತಿಕೊಂಡಂತಿತ್ತು.

ಹನ್ನೊಂದು ಚೀಟಿ ಇದ್ದವು ಆ ಭಾನುವಾರ. ಚರ್ಚಿನ ಬಾಗಿಲ ಪಕ್ಕ ಒಂದು ಮರದ ಪೆಟ್ಟಿಗೆ, ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರು ಬರೆದು ಹಾಕುವುದು, ಹೆಸರು ಮಾತ್ರ, ಕಾಯಿಲೆಯೋ ಪರೀಕ್ಷೆಯೋ ಪ್ರಯಾಣವೋ ಕಾರಣ ಬರೆಯುವಂತಿಲ್ಲ, ಬರೆದವರಾರು ಎಂದು ಕೇಳುವಂತಿಲ್ಲ, ಕಾರಣ ಮೇಲಿನವನಿಗೆ ಗೊತ್ತು, ನಮಗ್ಯಾಕೆ ಊರ ಉಸಾಬರಿ ಎನ್ನುತ್ತಾರೆ ಪಾದ್ರಿಗಳು. ಓದುವ ಕೆಲಸ ಅವಳದು, ದನಿ ಕೊನೆಯ ಬೆಂಚಿಗೆ ಮುಟ್ಟುತ್ತದೆ ಎಂಬ ಒಂದೇ ಅರ್ಹತೆಗೆ. ಗುರುವಾರ ಸಂಜೆ ಬೆಂಕಿ ಬಿದ್ದದ್ದು, ಭಾನುವಾರ ಬೆಳಿಗ್ಗೆ ಅದು ಯಾರ ಕೆಲಸ ಎಂದು ಇನ್ನೂ ಸುದ್ದಿಯಾಗಿರಲಿಲ್ಲ, ಅವಳು ಒಂದೊಂದೇ ಚೀಟಿ ಬಿಡಿಸಿದಳು, ಏಳನೆಯದು ಒರಟು ಕಂದು ಕಾಗದ, ಅಂಚಿನಲ್ಲಿ ನೀಲಿ ಸೀಮೆಸುಣ್ಣದ ಪುಡಿ, ಟೈಲರಮ್ಮ ಅಂಗಿಯ ಅಳತೆ ಕತ್ತರಿಸುತ್ತಾಳಲ್ಲ ಆ ಕಾಗದ, ಒಂದು ವರ್ಷದಿಂದ ಪ್ರತಿ ಭಾನುವಾರ ಅದೇ ಕಾಗದ ಅದೇ ಹೆಸರು, ಟೈಲರಮ್ಮನ ಮಗನದು. ಕಣ್ಣು ಮುಚ್ಚಿಕೊಂಡೇ ಓದಬಹುದು, ಹಾಗೇ ಓದಿದಳು. ಸಂಜೆ ಪೊಲೀಸರು ಅವನನ್ನು ಹಿಡಿದರು. ರಾತ್ರಿಯೊಳಗೆ ಚರ್ಚಿನಲ್ಲಿ ಯಾರೋ ಮಗುವಿನ ಹಾಡು ತೆಗೆಯಲು ಹೋಗಿ ತೆಗೆದ ವಿಡಿಯೋದಿಂದ ಯಾರೋ ಇನ್ನೊಬ್ಬರು ಆ ಒಂಬತ್ತು ಸೆಕೆಂಡು ಕತ್ತರಿಸಿದರು. ಟೈಲರಮ್ಮನ ಹುಡುಗ — ಹುಡುಗ ಏನು ಬಂತು, ಇಪ್ಪತ್ತೆಂಟರ ಗಂಡಸು — ಭಾನುವಾರದ ಪಾಠಕ್ಕೆ ಅವಳ ಹತ್ತಿರವೇ ಬರುತ್ತಿದ್ದ, ಬಣ್ಣದ ಪೆನ್ಸಿಲಿನ ತುದಿ ಕಚ್ಚಿ ಕಚ್ಚಿ ನಾಲಿಗೆ ಹಸಿರು ಮಾಡಿಕೊಳ್ಳುತ್ತಿದ್ದ, ದೊಡ್ಡವನಾದ ಮೇಲೆ ಹಳೇ ಗೋದಾಮಿನಲ್ಲಿ ಪ್ರಾರ್ಥನೆ ನಡೆಸುವ ಉಗ್ರ ಭಕ್ತರ ಗುಂಪು ಸೇರಿದ, ಅಲ್ಲೊಬ್ಬ ಬೋಧಕ ಇದ್ದಾನೆ, ಅವನಿಗೆ ಚರ್ಚಿನವರೆಲ್ಲ ಗುಡುಗು ಎಂದು ಹೆಸರಿಟ್ಟು ನಗುತ್ತಿದ್ದರು, ಗುಡುಗು ಇವತ್ತು ಬರೀ ಸದ್ದೋ ಮಳೇನೂ ಉಂಟೋ ಎಂದು. ನಕ್ಕದ್ದು ತಪ್ಪಾಯಿತು. ಆ ಗುಡುಗಿನ ಲೆಕ್ಕದಲ್ಲಿ ಇವರು ಅರೆಬೆಂದ ಭಕ್ತರು, ಎದುರು ಬೀದಿಯವರ ಮದುವೆಗೆ ಬೆಂಚು ಕೊಡುವವರು, ಶತ್ರುವಿನ ಜೊತೆ ಹಲ್ಲು ಕಿರಿಯುವವರು. ಅದೇ ಗುಂಪಿನವರು ನಿನ್ನೆ ಆ ಒಂಬತ್ತು ಸೆಕೆಂಡನ್ನು ತಾವೂ ಹಂಚಿದ್ದಾರೆ, ನೋಡಿ, ಅರೆಬೆಂದವರೂ ಕೊನೆಗೆ ನಮ್ಮ ಸಹೋದರನ ಹಿಂದೆ ನಿಂತರು! ಊರೆಲ್ಲ ಉಗಿದದ್ದು ಒಂದು ತೂಕವಾದರೆ ಆ ಹೊಗಳಿಕೆ ಇನ್ನೊಂದು ತೂಕ.

ಪರದೆ ಸರಿಸಿದಳು, ಇನ್ನೇನು ಮಾಡುವುದು, ಒಂಬತ್ತರ ಡ್ರೆಸ್ಸಿಂಗ್ ಒಂಬತ್ತಕ್ಕೇ ಆಗಬೇಕು. ಅಜ್ಜನ ಮಗಳು ಎದ್ದು ನಿಂತಳು, ನಿನ್ನೆಯವರೆಗೂ ಸಿಸ್ಟರ್ ಟೀ ತರ್ಲಾ ಎಂದು ಕೇಳುತ್ತಿದ್ದವಳು. ಇದು ನೀವಾ. ಹೌದಮ್ಮಾ, ನಾನೇ. ಇಲ್ಲ ಎನ್ನುವುದಾದರೂ ಹೇಗೆ, ಇಲ್ಲ ಎನ್ನಲೂ ಅದೇ ದನಿ ಬೇಕಲ್ಲ. ಅಜ್ಜ ಗೋಡೆಗೆ ಮುಖ ಮಾಡಿದ್ದಾನೆ, ಬಲಗೈ ಹೊದಿಕೆಯ ಮೇಲಿದೆ, ಬೆರಳು ನೆಟ್ಟಗಿರಲೆಂದು ಕಟ್ಟಿದ್ದ ದಬ್ಬೆ ಬಿಚ್ಚಿ ನೆಲಕ್ಕೆ ಬಿದ್ದಿದೆ, ಬ್ಯಾಂಡೇಜಿನೊಳಗೆ ಕೈ ಮುಷ್ಟಿಯಾಗಿದೆ. ಮುಷ್ಟಿ! ಎಷ್ಟು ಹೊತ್ತಿನಿಂದ, ದೇವರೇ, ಎಷ್ಟು ಹೊತ್ತಿನಿಂದ ಹೀಗೆ — ಅಂಗೈ ಮುದುಡಿಕೊಂಡೇ ಮಾಗಿದರೆ ಚರ್ಮ ಎಳೆದುಕೊಳ್ಳುತ್ತದೆ, ಆಮೇಲೆ ಆ ಕೈ ತೆರೆಯುವುದಿಲ್ಲ, ಅನ್ನ ಕಲಸಲು ಬರುವುದಿಲ್ಲ, ಗುಂಡಿ ಹಾಕಲು ಬರುವುದಿಲ್ಲ. ಅವಳು ಆ ಅಂಗೈಯನ್ನು ದಿನವೂ ನೋಡಿದ್ದಾಳೆ, ಅಡ್ಡಲಾಗಿ ಒಂದೇ ಗೆರೆ, ಸ್ಕೇಲಿಟ್ಟು ಎಳೆದಷ್ಟು ನೇರ, ಕಿರುಬೆರಳಿನ ಬುಡದಿಂದ ಹೆಬ್ಬೆರಳಿನವರೆಗೆ, ಹಸಿ ಕೆಂಪು. ಮಂದಿರದ ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿದ್ದರು, ಒಳಗೆ ಹದಿನಾಲ್ಕು ಜನ, ಅಜ್ಜ ಕಾದ ಕಬ್ಬಿಣದ ಅಗುಳಿಯನ್ನು ಬರಿಗೈಯಲ್ಲಿ ಹಿಡಿದು ಎಳೆದ. ಎಳೆದಾಗ ಬರಲಿಲ್ಲ, ಮತ್ತೆ ಹಿಡಿದ. ಆ ಗೆರೆ ಎರಡು ಸಲ ಹಿಡಿದದ್ದರ ಗೆರೆ.

ನೀವು ಮುಟ್ಟೋದು ಬೇಡ, ಬೇರೆಯವರನ್ನ ಕಳ್ಸಿ, ಎಂದಳು ಮಗಳು. ಬೇರೆಯವರು ಎಂದರೆ ಇವತ್ತು ಕಲಿಯಲು ಬಂದಿರುವ ಹುಡುಗಿ, ಅವಳು ಒಣಗಿದ ಪಟ್ಟಿಯನ್ನು ನೆನೆಯಲು ಬಿಡದೆ ಕಿತ್ತೇ ಬಿಡುತ್ತಾಳೆ, ಮೊನ್ನೆ ಮೂರನೇ ಹಾಸಿಗೆಯವನು ಕೂಗಿದ್ದು ಕೆಳಗಿನ ಮಹಡಿಗೆ ಕೇಳಿತ್ತು, ಇದನ್ನು ಹೇಳಬೇಕು, ಆದರೆ ಈಗ ಏನು ಹೇಳಿದರೂ ಸಮಜಾಯಿಷಿಯಂತೆ ಕೇಳಿಸುತ್ತದೆ. ಚೀಟಿ ಬರ್ಕೊಟ್ಟಿದ್ದು ಯಾರು, ಹೇಳಿ, ರೆಕಾರ್ಡ್ ಆಗ್ತಿದೆ. ಫೋನಿನ ಕಣ್ಣು ಅವಳ ಗಲ್ಲದ ಹತ್ತಿರ ಬಂತು. ನಮ್ಮಲ್ಲಿ ಬರೆದವರ ಹೆಸರು ಕೇಳೋದಿಲ್ಲಮ್ಮಾ. ಕೇಳಲ್ವಾ, ಗೊತ್ತಿಲ್ವಾ, ಅಥವಾ ಹೇಳಲ್ವಾ. ಗದ್ದಲ ಕೇಳಿ ಹೆಡ್ ನರ್ಸ್ ಬಂದರು, ಅವಳ ಮೊಣಕೈ ಹಿಡಿದು ಪಕ್ಕಕ್ಕೆಳೆದು ಪಿಸುಗುಟ್ಟಿದರು, ನಿಂಗೆ ಹುಚ್ಚಾ, ಯಾರು ಬರೆದಿದ್ದು ಅಂತ ಹೇಳಿಬಿಡೇ, ಮುಗ್ದುಹೋಗತ್ತೆ, ಇನ್ನೊಬ್ಬರ ಹೊರೆ ನಿನ್ನ ತಲೆ ಮೇಲೆ ಯಾಕೆ, ಮಧ್ಯಾಹ್ನದೊಳಗೆ ಆಫೀಸಿನವರು ನಿನ್ನ ರಜದ ಮೇಲೆ ಕಳಿಸ್ತಾರೆ ನೋಡು.

ಒಂದು ಹೆಸರು. ಹೇಳಿದರೆ ಅವಳು ಬಚಾವು, ಚರ್ಚು ಬಚಾವು, ನಾವು ಹಾಗಲ್ಲ, ಒಬ್ಬ ತಾಯಿ ವರ್ಷದಿಂದ ಮಗನ ಹೆಸರು ಬರೆದು ಹಾಕುತ್ತಿದ್ದಳು, ಅಷ್ಟೇ ನಡೆದದ್ದು. ಅಷ್ಟೇ ಎಂದು ಯಾರು ನಂಬುತ್ತಾರೆ? ಪೊಲೀಸರು ಹಿಡಿಯುವ ಮೊದಲೇ ಹೆಸರು ಬರೆದಿದ್ದಾಳೆ ಎಂದರೆ ಅವಳಿಗೆ ಮೊದಲೇ ಗೊತ್ತಿತ್ತು, ಬಚ್ಚಿಟ್ಟಿದ್ದಳು ಎನ್ನುತ್ತಾರೆ, ಟೈಲರಮ್ಮನ ಅಂಗಡಿಯ ಷಟರಿಗೆ ಆಗಲೇ ಡಾಂಬರು ಬಳಿದಿದ್ದಾರೆ, ಒಳಗೆ ಹೊಲಿಗೆ ಯಂತ್ರದ ಮುಂದೆ ಅವಳೊಬ್ಬಳೇ, ಗಂಡ ಎಂದೋ ಹೋದ. ಗೊತ್ತಿತ್ತೇ ಟೈಲರಮ್ಮನಿಗೆ? ಕರುಣಿಸು ಎಂದಾಗ ಮೂರನೇ ಬೆಂಚಿನಿಂದ ಆ ದನಿ ಎಲ್ಲರಿಗಿಂತ ಒಂದು ಉಸಿರು ತಡವಾಗಿ ಬಂತೇ, ಅಥವಾ ಈಗ ಹಾಗನಿಸುತ್ತಿದೆಯೇ, ಹೊರಗೆ ಬರುವಾಗ ಕಣ್ಣು ತಪ್ಪಿಸಿದಳೇ, ಬಿಸಿಲಿಗೆ ಕಣ್ಣು ಕಿರಿದಾಗಿತ್ತೇ — ನೋಡು, ನೀನೂ ಶುರು ಹಚ್ಚಿಕೊಂಡೆ, ಒಂಬತ್ತು ಸೆಕೆಂಡು ಕತ್ತರಿಸಿ ತಿರುಗಿಸಿ ತಿರುಗಿಸಿ ನೋಡುವುದನ್ನು ನೀನೂ ಕಲಿತೆ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಗೊತ್ತಿದೆ, ಹೇಳಲ್ಲ, ಎಂದಳು. ಫೋನಿಗೆ ಕೇಳುವಂತೆ, ಕೊನೆಯ ಬೆಂಚಿಗೆ ಮುಟ್ಟುವ ದನಿಯಲ್ಲೇ. ಹೆಡ್ ನರ್ಸ್ ಹಣೆ ಚಚ್ಚಿಕೊಂಡರು.

ಅದ್ಯಾಕೆ ಅವಳ ಪ್ರಾಣ ತಿಂತೀಯ, ಎಂದಿತು ಗೋಡೆಯ ಕಡೆಯಿಂದ ಅಜ್ಜನ ದನಿ. ಅಂಥವನ ಹೆಸರು ಹೆತ್ತೋರಲ್ಲದೆ ಬೇರೆ ಯಾರು ಬರೀತಾರೆ, ನೀನು ಫೋನು ಕೆಳಗಿಡು. ಅಪ್ಪಾ ನಿಂಗೊತ್ತಾಗಲ್ಲ. ಇಡು ಅಂದೆ. ಅಜ್ಜ ಈ ಕಡೆ ಹೊರಳಿದ, ಹುಬ್ಬು ಸುಟ್ಟು ಹೋದ ಮುಖ, ಸಿಟ್ಟು ಬಂದಿದೆಯೋ ಇಲ್ಲವೋ ಹುಬ್ಬಿಲ್ಲದ ಮುಖದಲ್ಲಿ ತಿಳಿಯುವುದಿಲ್ಲ. ನಂಗೆ ಒಂದೇ ಹೇಳಮ್ಮಾ. ಆ ಚೀಟಿಗಳಲ್ಲಿ ನನ್ನ ಹೆಸರಿತ್ತಾ?

ಇತ್ತು ಅಜ್ಜ. ನಾಲಿಗೆಯ ತುದಿಗೇ ಬಂತು, ಎಷ್ಟು ಸಲೀಸಾಗಿ ಬಂತು, ಇತ್ತು, ಮೊದಲನೆಯದೇ ನಿಮ್ಮದು, ಅವರು ಅದನ್ನ ಕತ್ತರಿಸಿಬಿಟ್ಟಿದ್ದಾರೆ. ಯಾರು ಪರೀಕ್ಷಿಸುತ್ತಾರೆ, ಉಳಿದ ಹತ್ತು ಹೆಸರು ಯಾರ ಫೋನಿನಲ್ಲೂ ಇಲ್ಲ, ಒಂದು ಮಾತಿಗೆ ಈ ಮುಷ್ಟಿ ಬಿಚ್ಚುತ್ತದೆ, ಮಗಳ ಮುಖ ಇಳಿಯುತ್ತದೆ, ಅದನ್ನೂ ರೆಕಾರ್ಡ್ ಮಾಡಿಕೊಳ್ಳಲಿ, ಅದೂ ಊರೆಲ್ಲ ಸುತ್ತಲಿ. ಸುಳ್ಳೂ ಪೂರ್ತಿ ಸುಳ್ಳಲ್ಲ, ಗಾಯಗೊಂಡವರೆಲ್ಲರಿಗಾಗಿ ಎಂದು ಪಾದ್ರಿಗಳು ಕೊನೆಗೆ ಹೇಳಿದ್ದರು, ಎಲ್ಲರಿಗಾಗಿ ಎಂದರೆ ಅಜ್ಜನೂ ಬಂದಂತಲ್ಲವೇ. ಅಲ್ಲ. ಶನಿವಾರ ಡ್ಯೂಟಿ ಮುಗಿಸಿ ಚರ್ಚಿಗೆ ಹೋಗಿ ಪೆಟ್ಟಿಗೆಯ ಮುಂದೆ ಪೆನ್ನು ಹಿಡಿದು ನಿಂತಿದ್ದಳು ಅವಳು, ಅಜ್ಜನ ಹೆಸರಿನ ಮೊದಲಕ್ಷರ ಬರೆದೂ ಆಗಿತ್ತು, ಆಮೇಲೆ ಗೋದಾಮಿನ ಲೌಡ್‌ಸ್ಪೀಕರ್ ನೆನಪಾಯಿತು, ಆ ಗುಡುಗು ಎದುರು ಬೀದಿಯವರ ಹೆಸರು ಹಿಡಿದು ಕೂಗುವುದು, ಇಂಥವನು ನರಕದ ದಾರಿಯಲ್ಲಿದ್ದಾನೆ, ಇಂಥವಳನ್ನು ಎಳೆದು ತಾ ಕರ್ತನೇ ಎಂದು, ಹೆಸರಿನವರು ತಮ್ಮ ಮನೆಯಲ್ಲಿ ಊಟಕ್ಕೆ ಕೂತು ಅದನ್ನು ಕೇಳುವುದು. ಆ ಕೂಗು ಶುರುವಾದಾಗಿನಿಂದ ಪಾದ್ರಿಗಳು ಒಂದು ಪದ್ಧತಿ ಇಟ್ಟಿದ್ದರು, ಬೇರೆ ಧರ್ಮದವರ ಹೆಸರನ್ನು ಅವರನ್ನು ಕೇಳದೆ ನಮ್ಮ ಪ್ರಾರ್ಥನೆಯಲ್ಲಿ ಎತ್ತುವುದು ಬೇಡ, ನಾವೂ ಅವರಂತೆಯೇ ಎಂದು ತಿಳಿದಾರು. ಒಳ್ಳೆಯ ಮಾತೇ. ಮರ್ಯಾದೆಯ ಮಾತು. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡಳು, ಮನೆಗೆ ಹೋಗಿ ಬಟ್ಟೆ ಒಗೆದಳು, ಅದೂ ನೀರಿಗೆ ಹೋಯಿತು.

ಇರಲಿಲ್ಲ ಅಜ್ಜ.

ಮಗಳು ಫೋನು ಎತ್ತಿದ್ದವಳು ಹಾಗೇ ನಿಂತಳು. ಅವನದ್ದು ಇತ್ತು, ನನ್ನದು ಇರಲಿಲ್ಲ, ಎಂದ ಅಜ್ಜ, ಪಾಠ ಒಪ್ಪಿಸುವವನಂತೆ. ನಾವು ಬೇರೆಯವರ ಹೆಸರು ಕೇಳದೆ ಓದಲ್ಲ ಅಜ್ಜ, ಆ ಗೋದಾಮಿನವರು ಹೆಸರು ಹಿಡಿದು ಕೂಗ್ತಾರಲ್ಲ, ನಿಮಗೆ ನಾವೂ ಹಾಗೇ ಅನ್ನಿಸಬಾರದು ಅಂತ, ಬೇಜಾರಾಗಬಾರದು ಅಂತ — ಹೇಳುತ್ತ ಹೇಳುತ್ತ ಮಾತು ಅವಳ ಬಾಯಲ್ಲೇ ಸಪ್ಪೆಯಾಯಿತು, ಎಷ್ಟು ಅಚ್ಚುಕಟ್ಟಾದ ಕಾರಣ, ಇಸ್ತ್ರಿ ಮಾಡಿ ಮಡಚಿಟ್ಟಂಥದ್ದು. ಕೇಳಬಹುದಿತ್ತಲ್ಲಮ್ಮಾ, ಎಂದ ಅಜ್ಜ. ದಿನಾ ಬೆಳಿಗ್ಗೆ ಒಂದೊಂದು ಬೆರಳು ಬಿಡಿಸ್ತಾ ಒಂದೊಂದು ಮೊಮ್ಮಗುವಿನ ಹೆಸರು ಹೇಳಿಸ್ತೀಯ, ನೋವು ಮರೀಲಿ ಅಂತ. ಐದು ಮಕ್ಕಳ ಹೆಸರು ಕೇಳೋಕೆ ಬಾಯಿ ಬಂತು, ಇದನ್ನ ಕೇಳೋಕೆ ಬರಲಿಲ್ವಾ.

ಬರಲಿಲ್ಲ. ಹೌದು. ಅಜ್ಜನ ಮುಖದಿಂದ ಎರಡು ಗೇಣು ದೂರದಲ್ಲಿ ಕೂತು ಇಷ್ಟು ದಿನ ಈ ಕೈ ಹಿಡಿದಿದ್ದಾಳೆ, ಇಬ್ಬರ ನಡುವೆ ಆ ಲೌಡ್‌ಸ್ಪೀಕರ್ ಕೂತಿದ್ದು ತಿಳಿಯಲಿಲ್ಲ, ಅದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದನ್ನೇ ಮರ್ಯಾದೆ ಎಂದುಕೊಂಡಳು. ತಪ್ಪಾಯ್ತು ಅಜ್ಜ. ಆಯ್ತು ಬಿಡು. ಅವನನ್ನ ನಾನು ಕ್ಷಮಿಸಿಲ್ಲ, ತಿಳ್ಕೋ, ಕ್ಷಮಿಸು ಅಂತ ಯಾರಾದ್ರೂ ಬಂದ್ರೆ ಈ ಬಕೆಟ್ ಎತ್ತಿ ಹೊಡೀತೀನಿ. ಬರಲ್ಲ ಅಜ್ಜ, ಯಾರೂ ಬರಲ್ಲ, ಎಂದು ಅವಳು ಸ್ಟೂಲೆಳೆದು ಕೂತು ಬೋಗುಣಿಯನ್ನು ಮಡಿಲಿಗಿಟ್ಟುಕೊಂಡಳು. ಮಗಳು ಏನೋ ಹೇಳಲು ಹೋದಳು, ಅಜ್ಜ ತಲೆ ಅಲ್ಲಾಡಿಸಿದ, ಮುಷ್ಟಿಯನ್ನು ತಾನೇ ಎತ್ತಿ ಅವಳ ಮಡಿಲ ಮೇಲಿನ ಬೋಗುಣಿಯಲ್ಲಿ ಇಟ್ಟ. ಬೆಚ್ಚಗಿನ ಸಲೈನ್ ಸುರಿದಳು. ಕಾಯಬೇಕು, ಪಟ್ಟಿ ನೆನೆಯುವವರೆಗೆ ಎಳೆಯುವಂತಿಲ್ಲ. ಬಾಗಿಲ ಹೊರಗೆ ಬೂಟಿನ ಸದ್ದು, ಆಫೀಸಿನವರಿರಬೇಕು, ಅವಳನ್ನು ಕರೆಯಲು, ಬರಲಿ, ನಿಲ್ಲಲಿ. ಪಟ್ಟಿ ಬಿಟ್ಟುಕೊಂಡಿತು, ಒಂದು ಸುತ್ತು, ಇನ್ನೊಂದು. ಹೆಬ್ಬೆರಳು ಅಜ್ಜ, ಎಂದಳು, ಮತ್ತು ಕಾದಳು. ಹೆಬ್ಬೆರಳಿಗೆ ದೊಡ್ಡ ಮೊಮ್ಮಗನ ಹೆಸರು. ಅಜ್ಜ ಹೇಳಲಿಲ್ಲ. ಬೆರಳು ಮಾತ್ರ ಬಿಚ್ಚಿತು. ತೋರುಬೆರಳು. ಹೇಳಲಿಲ್ಲ. ಹಲ್ಲು ಕಚ್ಚಿದ್ದು ಕೇಳಿಸಿತು, ಹೆಸರು ಬರಲಿಲ್ಲ, ಮೂರನೆಯದು, ನಾಲ್ಕನೆಯದು, ಅವಳಿಗೆ ಐದೂ ಹೆಸರು ಬಾಯಿಪಾಠ, ತಾನೇ ಹೇಳಿಬಿಡಲೇ, ನಿಮಗಾಗಿ ಪ್ರಾರ್ಥಿಸಲಾ ಎಂದು ಕೇಳಲೇ, ಕರ್ತನೇ ಎನ್ನಲೇ, ಇಲ್ಲಿ ಎನ್ನಬಹುದೇ, ಕಿರುಬೆರಳು ಕೊನೆಗೆ ತಾನಾಗಿ ಸರಿಯಿತು, ಅಂಗೈ ಪೂರ್ತಿ ತೆರೆಯಿತು, ಮುಂದೆ ಏನು ಮಾಡಬೇಕು ಎಂಬುದು ಹನ್ನೆರಡು ವರ್ಷದಿಂದ ಗೊತ್ತಿರುವ ಅವಳ ಕೈ ಹಾಗೇ ನಿಂತಿತು, ನೀರಿನೊಳಗೆ ಆ ಗೆರೆ, ಅಡ್ಡಲಾಗಿ, ನೇರ, ಕೆಂಪಗೆ, ಎರಡು ಸಲ ಹಿಡಿದದ್ದರ ಗೆರೆ.